ಸುತ್ತಲಿಕ್ಕೆ ನಾವು, ಕೂಡಲಿಕ್ಕೆ ಅವರು

ನಮ್ಮ ಭಾಗದ ಯಾವ ಊರಿಗಾದರೂ ಹೋಗಿ, ಅಗಸಿ ದಾಟುತ್ತಲೇ ಒಂದು ಕಟ್ಟೆ ಎದುರಾಗುತ್ತದೆ. ನಡುವೆ ಅರಳಿ ಗಿಡ. ಎಷ್ಟೋ ಕಡೆ ಅದರ ಜೊತೆಗೆ ಒಂದು ಬೇವು. ಸುತ್ತ ಕಲ್ಲು ಕಟ್ಟಿ, ಮಣ್ಣು ತುಂಬಿ, ಮೇಲೆ ಹಾಸುಗಲ್ಲು ಹಾಕಿರುತ್ತಾರೆ. ಒಂದು ಮೂಲೆಯಲ್ಲಿ ನಾಗರಕಲ್ಲು. ಇನ್ನೊಂದು ಮೂಲೆಯಲ್ಲಿ ಹುಲಿ-ಕುರಿ ಆಟದ ಮನೆ, ಯಾವ ಕಾಲದಲ್ಲಿ ಯಾರು ಕೊರೆದರೋ ತಿಳಿಯದ ಹಾಗೆ ಕಲ್ಲಿನಲ್ಲೇ ಸವೆದುಹೋಗಿದೆ. ಹಾಸುಗಲ್ಲಂತೂ ತಲೆಮಾರುಗಳ ಧೋತರ ತಿಕ್ಕಿ ತಿಕ್ಕಿ ನುಣುಪಾಗಿದೆ. ಧೋತರ ಎಂದೆ, ಸೀರೆ ಎನ್ನಲಿಲ್ಲ. ನಾನು ಹೇಳಬೇಕಾದದ್ದು ಇದನ್ನೇ.

ಬೆಳ್ಳಟ್ಟಿ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಈ ಸೀಮೆಯ ಬೇಸಿಗೆ ಎಂಥದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಎಪ್ರಿಲ್ ತಿಂಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ತಗಡಿನ ಮನೆಯೊಳಗೆ ಕೂಡಲಾಗದು, ಅಟ್ಟದ ಕೆಳಗೆ ಒಲೆ ಹೊತ್ತಿಸಿದರಂತೂ ಕೇಳುವುದೇ ಬೇಡ. ಆಗ ಊರಿನಲ್ಲಿ ತಂಪಿರುವುದು ಆ ಅರಳಿ ಗಿಡದ ಕೆಳಗೆ. ಗಾಳಿ ಇಲ್ಲದಾಗಲೂ ಅದರ ಎಲೆ ಅಲುಗುತ್ತಲೇ ಇರುತ್ತದೆ. ಊರಿಗೆಲ್ಲ ಸೇರಿದ ಆ ನೆರಳಿನಲ್ಲಿ ಬೆಳಿಗ್ಗೆ ಪೇಪರು ಹಿಡಿದ ಮುದುಕರು, ಮಧ್ಯಾಹ್ನ ಟವೆಲ್ ತಲೆದಿಂಬು ಮಾಡಿಕೊಂಡು ಮಲಗಿದವರು, ಸಂಜೆ ಮೊಬೈಲು ಹಿಡಿದ ಹುಡುಗರು. ಮೆಣಸಿನಕಾಯಿ ದರದಿಂದ ಹಿಡಿದು ಯಾರ ಮಗಳು ಯಾವ ಬಸ್ಸಿಗೆ ಯಾರ ಜೊತೆ ಹತ್ತಿದಳು ಎಂಬಲ್ಲಿಯ ತನಕ ಅಲ್ಲಿ ಚರ್ಚೆಗೆ ಬಾರದ ವಿಷಯವಿಲ್ಲ. ಈ ಸುತ್ತಿನ ಶಾಲೆಗಳಲ್ಲಿ ಮೂರು ದಶಕದ ಹತ್ತಿರ ಕಲಿಸಿದ ನಾನು ಆ ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳು ಸುಮ್ಮನೆ, ಯಾವ ಕಾರಣವೂ ಇಲ್ಲದೆ, ಕಾಲು ಇಳಿಬಿಟ್ಟು ಕೂತದ್ದನ್ನು ನೋಡಿದ್ದು ಬೆರಳೆಣಿಕೆಯಷ್ಟೂ ಇಲ್ಲ.

ಹಾಗಂತ ಗಿಡಕ್ಕೂ ನಮಗೂ ಸಂಬಂಧವಿಲ್ಲವೇ? ಅಯ್ಯೋ, ನಮ್ಮಷ್ಟು ಸಂಬಂಧ ಯಾರಿಗೂ ಇಲ್ಲ. ಶನಿವಾರ ಬಂದರೆ ಅರಳಿ ಗಿಡಕ್ಕೆ ನೀರು ಹಾಕುವವರು ನಾವು. ಸೋಮವತಿ ಅಮಾವಾಸ್ಯೆಗೆ 108 ಸುತ್ತು ಹಾಕುವವರು ನಾವು. ಮಕ್ಕಳಾಗಲೆಂದು, ಆದ ಮಕ್ಕಳು ಉಳಿಯಲೆಂದು, ಗಂಡನ ಕುಡಿತ ಬಿಡಲೆಂದು ಹರಕೆ ಹೊರುವವರು ನಾವು. ಕಾರಹುಣ್ಣಿಮೆಯ ದಿನವೇ ಬರುವ ವಟಸಾವಿತ್ರಿಗೆ ಆಲದ ಗಿಡಕ್ಕೆ ದಾರ ಸುತ್ತುವವರೂ ನಾವೇ. 108 ಸುತ್ತು ಹಾಕಿ ತಲೆ ತಿರುಗಿದಾಗ ಅದೇ ಗಿಡದ ಬುಡದಲ್ಲಿ ಅರ್ಧ ಗಂಟೆ ಕೂಡಬೇಕೆಂದರೆ ಮಾತ್ರ ಆಗದು. ಸೆರಗು ಹೊದ್ದು, ತಲೆ ತಗ್ಗಿಸಿ, ಖಾಲಿ ತಂಬಿಗೆ ಹಿಡಿದು ಮನೆಗೆ ನಡೆಯಬೇಕು. ಆ ದೇವರಿಗೆ ಬೇಕಾದದ್ದು ನಮ್ಮ ಭಕ್ತಿ, ಅದರ ನೆರಳು ಮಾತ್ರ ಬೇರೆಯವರ ಪಾಲು. ಎಂಥ ನ್ಯಾಯ ನೋಡಿ.

ಇದನ್ನು ಹೇಳಿದರೆ ಗಂಡಸರು ಕೇಳುವ ಮೊದಲ ಪ್ರಶ್ನೆ: “ನಿಮಗ ಯಾರರ ಬ್ಯಾಡ ಅಂದಾರೇನ್ರಿ?” ಅವರು ಹೇಳುವುದೇನೋ ಖರೆ. ಯಾರೂ ಬೇಡವೆಂದಿಲ್ಲ, ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲವೆಂದು ಎಲ್ಲೂ ಬೋರ್ಡು ಹಾಕಿಲ್ಲ. ಬೋರ್ಡಿದ್ದರೆ ಕಿತ್ತುಹಾಕಬಹುದಿತ್ತು. ಬೇಡವೆನ್ನದೆಯೇ ಎಬ್ಬಿಸುವ ಕಲೆ ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ಕೆಲವು ವರ್ಷದ ಹಿಂದೆ ಹತ್ತಿರದ ಒಂದು ಊರಿಗೆ (ಹೆಸರು ಬೇಡ) ಶಾಲೆಯ ಕೆಲಸಕ್ಕೆ ನಾವು ಮೂವರು ಶಿಕ್ಷಕಿಯರು ಹೋಗಿದ್ದೆವು. ವಾಪಸು ಬರುವ ಬಸ್ಸು ತಡವಾಯಿತು. ಬಿಸಿಲು ಎಂದರೆ ಬಿಸಿಲು. ಕಟ್ಟೆ ಅರ್ಧ ಖಾಲಿ ಇತ್ತು, ಹೋಗಿ ಕೂತೆವು. ಐದು ನಿಮಿಷವೂ ಆಗಿರಲಿಲ್ಲ, ಹಿರಿಯರೊಬ್ಬರು ಎದ್ದು ಬಂದು ಕೈಮುಗಿದರು: “ಅಕ್ಕಾರ, ಇಲ್ಲ್ಯಾಕ ಕುಂತ್ರಿ? ಮನಿಗೆ ಬರ್ರಿ, ನಮ್ಮ ಹೆಣ್ಣುಮಕ್ಕಳದಾರ, ಚಾ ಕುಡದು ಹೋಗೀರಂತ.” ನಮ್ಮ ಕಡೆ ಶಾಲೆಯ ಶಿಕ್ಷಕಿಗೆ ಅಕ್ಕಾರು ಎನ್ನುತ್ತಾರೆ, ಅದರಲ್ಲಿ ಪ್ರೀತಿಯೂ ಇದೆ, ಗೌರವವೂ ಇದೆ. ಆ ಹಿರಿಯರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅವರ ಮನೆಯ ಚಹಾ ಕೂಡ ಬಹಳ ಚೆನ್ನಾಗಿತ್ತು. ಆದರೆ ಅಡಿಗೆಮನೆಯ ಹೊಗೆಯಲ್ಲಿ ಕೂತು, ಬಸ್ಸಿನ ಹಾರ್ನ್ ಕೇಳಿಸೀತೋ ಇಲ್ಲವೋ ಎಂದು ಕಿವಿ ನೆಟ್ಟಗೆ ಮಾಡಿಕೊಂಡಿದ್ದ ನಮಗೆ ಒಂದು ಸಂಗತಿ ಹೊಳೆಯಿತು. ಅದೇ ಕಟ್ಟೆಯ ಮೇಲೆ ಬಸ್ಸಿಗೆ ಕಾಯುತ್ತಿದ್ದ ಗಂಡು ಮಾಸ್ತರರನ್ನು ಯಾರೂ ಮನೆಗೆ ಕರೆಯಲಿಲ್ಲ. ಬಯ್ದು ಎಬ್ಬಿಸಿದ್ದರೆ ಜಗಳವನ್ನಾದರೂ ಮಾಡಬಹುದಿತ್ತು. ಗೌರವ ಕೊಟ್ಟು ಎಬ್ಬಿಸಿದರೆ ಏನು ಮಾಡುವುದು?

ಹೆಂಗಸರಿಗೂ ಅವರವರ ಜಾಗಗಳಿವೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಇದ್ದವು, ನಿಜ. ಬಾವಿ ಇತ್ತು, ಬಟ್ಟೆ ಒಗೆಯುವ ಹಳ್ಳ ಇತ್ತು, ಹಿಟ್ಟಿನ ಗಿರಣಿಯ ಪಾಳಿ ಇತ್ತು, ಬೀಸುವ ಕಲ್ಲಿನ ಸುತ್ತ ನಾಲ್ಕು ಮಂದಿ ಸೇರುತ್ತಿದ್ದರು. ಆಮೇಲೆ ಓಣಿಯ ನಲ್ಲಿ ಬಂತು, ಕೊಡಗಳ ಸಾಲು, ಆ ಸಾಲಿನಲ್ಲಿ ಜಗಳ, ಜಗಳದ ನಡುವೆಯೇ ಸುಖ-ದುಃಖ. ಹೇಳಲು ಸಂಕೋಚವಾದರೂ ಹೇಳುತ್ತೇನೆ, ಬೆಳಗಿನ ಕತ್ತಲಲ್ಲಿ ಬಯಲ ಕಡೆ ಹೋಗುವಾಗಿನ ಗುಂಪೂ ಇತ್ತು. ಅತ್ತೆಯ ಕಣ್ಣು ತಪ್ಪಿಸಿ ಸೊಸೆಯೊಬ್ಬಳು ತನ್ನ ಸಂಕಟ ಹೇಳಿಕೊಳ್ಳಲು ಸಿಗುತ್ತಿದ್ದ ಹೊತ್ತು ಎಷ್ಟೋ ಮನೆಗಳಲ್ಲಿ ಅದೊಂದೇ.

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಇದರಲ್ಲಿ ಸುಮ್ಮನೆ ಕೂಡುವ ಜಾಗ ಒಂದಾದರೂ ಇದೆಯೇ? ಎಲ್ಲವೂ ದುಡಿಮೆಯ ಜಾಗ, ಇಲ್ಲವೇ ದೇಹದ ಬಾಧೆಯ ಜಾಗ. ಟೊಂಕದ ಮೇಲೆ ಕೊಡವಿದ್ದರೆ ಹೆಂಗಸು ಹೊರಗೆ ನಿಂತು ಮಾತಾಡಬಹುದು, ಕೊಡ ಇಳಿಸಿದರೆ ಮಾತಾಡುವಂತಿಲ್ಲ. ಕೈಯಲ್ಲಿ ಕೆಲಸವಿರುವುದೇ ಆಕೆಗೆ ಹೊರಗಿರಲು ಸಿಕ್ಕ ಪರವಾನಗಿ. ಗಂಡಸಿನ ಕಟ್ಟೆಗೆ ಇಂಥ ಯಾವ ಪರವಾನಗಿಯೂ ಬೇಕಾಗಿರಲಿಲ್ಲ.

ಈಗ ಏನಾಯಿತು? 2014ರ ನಂತರ ಸ್ವಚ್ಛ ಭಾರತದ ಹೆಸರಿನಲ್ಲಿ ಮನೆಮನೆಗೆ ಶೌಚಾಲಯಗಳು ಬಂದವು. 2019ರಲ್ಲಿ ಶುರುವಾದ ಜಲಜೀವನ ಮಿಷನ್ನಿನಿಂದ ಅಂಗಳದ ತನಕ ನಲ್ಲಿ ಬರತೊಡಗಿತು. ಬಹಳ ಒಳ್ಳೆಯದಾಯಿತು. ಕೊಡ ಹೊತ್ತು ಕತ್ತು ಉಳುಕಿದವರಿಗೆ, ಕತ್ತಲಾಗುವ ತನಕ ಹೊಟ್ಟೆ ಹಿಡಿದು ಕೂತವರಿಗೆ ಅದರ ಬೆಲೆ ಗೊತ್ತು. ಹಳೆಯದೇ ಚೆನ್ನಾಗಿತ್ತು ಎನ್ನುವವರ ಸಾಲಿಗೆ ನಾನು ಸೇರುವವಳಲ್ಲ. ಆದರೆ ಕೆಲಸ ಮನೆಯೊಳಗೆ ಬಂದಂತೆ ಅದರ ನೆಪದಲ್ಲಿ ಸಿಗುತ್ತಿದ್ದ ಹೊರಗಿನ ಹೊತ್ತೂ ಹೋಯಿತು. ಗ್ರೈಂಡರು ಬಂತು, ವಾಷಿಂಗ್ ಮಶೀನು ಬಂತು, ಉಳಿದ ಹೊತ್ತಿಗೆ ಟಿವಿಯ ಧಾರಾವಾಹಿ, ಈಗ ಕೈಯಲ್ಲಿ ಮೊಬೈಲು. ಟ್ರ್ಯಾಕ್ಟರು ಬಂದು ಗಂಡಸಿನ ಕೆಲಸವೂ ಕಡಿಮೆಯಾಯಿತಲ್ಲ, ಅವನು ಮಿಕ್ಕ ಹೊತ್ತನ್ನು ಎಲ್ಲಿ ಕಳೆಯುತ್ತಾನೆ? ಕಟ್ಟೆಯ ಮೇಲೆ. ಅವನಿಗೆ ಮಿಕ್ಕ ಹೊತ್ತು ಎಂದರೆ ಊರು, ನಮಗೆ ಮಿಕ್ಕ ಹೊತ್ತು ಎಂದರೆ ನಾಲ್ಕು ಗೋಡೆ.

ಕಟ್ಟೆಯ ಮೇಲೆ ಗಂಡಸರೆಲ್ಲ ಸರಿಸಮವಾಗಿ ಕೂಡುತ್ತಿದ್ದರೆಂದೇನೂ ನಾನು ಹೇಳುವುದಿಲ್ಲ. ಮೇಲೆ ಕೂಡುವವರು ಯಾರು, ಕೆಳಗೆ ನೆಲದ ಮೇಲೆ ಕೂಡುವವರು ಯಾರು, ಕಾಲಲ್ಲಿದ್ದ ಚಪ್ಪಲಿ ಕೈಯಲ್ಲಿ ಹಿಡಿದು ದಾಟಿಹೋಗುವವರು ಯಾರು ಎಂಬುದು ಜಾತಿಯ ಮೇಲೆ ಗೊತ್ತಾಗಿತ್ತು. ಆ ಗೆರೆ ಈಗಲೂ ಪೂರಾ ಅಳಿಸಿಲ್ಲ. ಆದರೆ ಅದು ತಪ್ಪೆಂದು ಇವತ್ತು ಎಲ್ಲರೂ ಬಾಯಿಮಾತಿಗಾದರೂ ಒಪ್ಪುತ್ತಾರೆ, ಅದರ ಮೇಲೆ ಕಾನೂನಿದೆ, ಹೋರಾಟವಿದೆ. ಸಂವಿಧಾನದ 15ನೇ ವಿಧಿಯನ್ನು ನಾನು ಮಕ್ಕಳಿಗೆ ಪಾಠ ಮಾಡುತ್ತೇನೆ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಸಾರ್ವಜನಿಕರು ಸೇರುವ ಜಾಗ ಇವುಗಳನ್ನು ಬಳಸಲು ಯಾರಿಗೂ ಅಡ್ಡಿಯಾಗಬಾರದು ಎನ್ನುವ ಆ ವಿಧಿಯಲ್ಲಿ ಧರ್ಮ, ಜಾತಿಗಳ ಜೊತೆಗೆ ಲಿಂಗ ಎಂಬ ಪದವೂ ಇದೆ. ಅದೇ ಸಾಲಿನಲ್ಲಿ, ಅದೇ ತೂಕದಲ್ಲಿ ಇದೆ. ಪರೀಕ್ಷೆಯಲ್ಲಿ ಹುಡುಗಿಯರು ಅದನ್ನು ಬರೆದು ಪೂರ್ಣ ಅಂಕ ತೆಗೆಯುತ್ತಾರೆ. ಉತ್ತರಪತ್ರಿಕೆ ಕೊಟ್ಟು ಮನೆಗೆ ಹೋಗುವಾಗ ಕಟ್ಟೆ ಬಂದರೆ ರಸ್ತೆಯ ಆಚೆ ಬದಿಗೆ ದಾಟಿಕೊಂಡು ನಡೆಯುತ್ತಾರೆ.

ಒಂದು ಕಲ್ಲಿನ ಕಟ್ಟೆಗೆ ಇಷ್ಟೆಲ್ಲ ಮಾತೇಕೆ ಎನ್ನಬಹುದು. ಕಟ್ಟೆ ಬರೀ ಹರಟೆಯ ಜಾಗವಾಗಿದ್ದರೆ ನಾನೂ ಬಿಡುತ್ತಿದ್ದೆ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ನಮಗೆ ಮೂರರಲ್ಲೊಂದು ಸ್ಥಾನ ಸಿಕ್ಕಿತು, 2010ರಿಂದ ಅರ್ಧಕ್ಕರ್ಧ. ಈಗ ಪಂಚಾಯಿತಿಯ ಕುರ್ಚಿಯ ಮೇಲೆ ಹೆಣ್ಣುಮಗಳು ಇದ್ದಾಳೆ, ಸಹಿ ಆಕೆಯದೇ. ಆದರೆ ಮರುದಿನದ ಸಭೆಯಲ್ಲಿ ಏನಾಗಬೇಕು, ಬೋರ್‌ವೆಲ್ ಯಾವ ಓಣಿಗೆ, ಮನೆ ಯಾರಿಗೆ ಎಂಬುದೆಲ್ಲ ಎಷ್ಟೋ ಊರುಗಳಲ್ಲಿ ಹಿಂದಿನ ಸಂಜೆಯೇ ಕಟ್ಟೆಯ ಮೇಲೆ ಮುಗಿದಿರುತ್ತದೆ. ಅಲ್ಲಿ ಕೂತಿರುವವನು ಆಕೆಯ ಗಂಡ. ಮೀಸಲಾತಿಯಿಂದ ಕುರ್ಚಿ ಬಂತು, ಕಟ್ಟೆ ಬರಲಿಲ್ಲ. ಕಟ್ಟೆಗೆ ಮೀಸಲಾತಿ ತರಲು ಯಾವ ಸರ್ಕಾರಕ್ಕೂ ಬಾರದು, ಅದನ್ನು ನಾವೇ ಹೋಗಿ ಕೂತು ತರಬೇಕು.

2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಅಡ್ಡಾಡುವುದು ಹೆಚ್ಚಾಯಿತು, ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ ಎಂದು ಗೊಣಗುವವರನ್ನು ದಿನಾ ಕೇಳುತ್ತೇನೆ. (ಗಂಡಸರು ತುಂಬಿದ್ದಾಗ ಈ ಗೊಣಗಾಟ ಇರಲಿಲ್ಲ, ಇರಲಿ.) ಈಗ ಹಳ್ಳಿಯ ಬಸ್ಸಿಗೆ ಕಾಯುವವರಲ್ಲಿ ಹೆಚ್ಚಿನವರು ಹೆಂಗಸರೇ. ಅವರು ಎಲ್ಲಿ ಕಾಯುತ್ತಾರೆ ನೋಡಿದ್ದೀರಾ? ರಸ್ತೆಯ ಬದಿಗೆ, ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ, ಚೀಲ ನೆಲಕ್ಕಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡು. ಎದುರಿಗೇ ಗಿಡ, ಗಿಡದ ಕೆಳಗೆ ಎಲ್ಲಿಗೂ ಹೋಗಬೇಕಾಗಿಲ್ಲದ ಐದಾರು ಮಂದಿ.

ಇಷ್ಟು ಓದಿ ಪಟ್ಟಣದ ನನ್ನ ಓದುಗ ಗೆಳತಿಯರು, ಇದು ಹಳ್ಳಿಯ ಮಾತು, ನಮಗೆ ಪಾರ್ಕಿದೆ ಎಂದುಕೊಂಡಿರಬಹುದು. ಇದೆ. ಗದಗಿನಲ್ಲಿ, ಹುಬ್ಬಳ್ಳಿಯಲ್ಲಿ ಬೆಳಿಗ್ಗೆ ಆರಕ್ಕೆ ಯಾವ ಪಾರ್ಕಿಗೆ ಹೋದರೂ ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡ ಹೆಂಗಸರು ಸಿಗುತ್ತಾರೆ. ಏನು ಮಾಡುತ್ತಿರುತ್ತಾರೆ? ಸುತ್ತು ಹಾಕುತ್ತಿರುತ್ತಾರೆ! ಶುಗರಿಗೆ ಹತ್ತು ಸುತ್ತು, ಬಿಪಿಗೆ ಹತ್ತು ಸುತ್ತು. ಅಶ್ವತ್ಥ ಪ್ರದಕ್ಷಿಣೆ ಹೋಗಿ ವಾಕಿಂಗ್ ಬಂತು, ಅಷ್ಟೇ ಬದಲಾವಣೆ. ಮಧ್ಯಾಹ್ನ ಮೂರಕ್ಕೆ ಅದೇ ಪಾರ್ಕಿನ ಬೆಂಚಿನ ಮೇಲೆ ಒಬ್ಬರೇ ಹೋಗಿ, ಪುಸ್ತಕವಿಲ್ಲದೆ, ಮೊಬೈಲಿಲ್ಲದೆ, ಮೊಮ್ಮಗುವಿಲ್ಲದೆ ಅರ್ಧ ಗಂಟೆ ಕೂತು ನೋಡಿ. ಎಷ್ಟು ಕಣ್ಣುಗಳು ನಿಮ್ಮ ಮೇಲೆ ಬೀಳುತ್ತವೆ, ನಿಮಗೇ ಎಷ್ಟು ಸಲ ಗಡಿಯಾರ ನೋಡಬೇಕೆನಿಸುತ್ತದೆ ಎಂದು ಲೆಕ್ಕವಿಡಿ. 2003ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಬ್ಲ್ಯಾಂಕ್ ನಾಯ್ಸ್ ಎಂಬ ಬಳಗದ ಹೆಣ್ಣುಮಕ್ಕಳು ಪಾರ್ಕುಗಳಿಗೆ ಹೋಗಿ ಹುಲ್ಲಿನ ಮೇಲೆ ಚಾದರ ಹಾಸಿ ಹಾಡುಹಗಲೇ ಮಲಗುತ್ತಾರೆ. ಘೋಷಣೆ ಇಲ್ಲ, ಭಾಷಣ ಇಲ್ಲ, ಸುಮ್ಮನೆ ನಿದ್ದೆ. ಮೊದಲು ಓದಿದಾಗ ನನಗೂ ನಗು ಬಂತು. ಆದರೆ ಗಂಡಸು ಪಾರ್ಕಿನಲ್ಲಿ ಮಲಗಿದ್ದನ್ನು ನೋಡಿ ಯಾರಿಗಾದರೂ ನಗು ಬಂದದ್ದುಂಟೇ?

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಲಸದ ಮೇಲೆ ಸ್ಪೇನ್ ದೇಶಕ್ಕೆ ಹೋದವಳು ಸೆವಿಲ್ಲೆ ನಗರದ ಒಂದು ಚೌಕದ ಫೋಟೋ ಕಳಿಸಿದ್ದಳು. ಅಲ್ಲಿ ಮೊದಲು ನೀರು ನಿಂತ ಹೊಂಡವಿತ್ತಂತೆ. 1574ರಲ್ಲಿ ಅದನ್ನು ಬತ್ತಿಸಿ, ಪಾಪ್ಲರ್ ಗಿಡಗಳ ಸಾಲು ನೆಟ್ಟು, ಎರಡು ರೋಮನ್ ಕಂಬ ತಂದು ನಿಲ್ಲಿಸಿ ಊರವರಿಗೆ ಅಡ್ಡಾಡಲು ಬಿಟ್ಟರು. ಆ ಗಿಡಕ್ಕೆ ಅವರ ಭಾಷೆಯಲ್ಲಿ ಆಲಮೊ ಎನ್ನುತ್ತಾರೆ, ಅದರಿಂದಲೇ ಚೌಕಕ್ಕೆ ಆಲಮೇದಾ ಎಂಬ ಹೆಸರು. ಫೋಟೋದಲ್ಲಿ ನಾನು ನೋಡಿದ್ದು ಕಂಬವನ್ನಲ್ಲ. ನನ್ನ ವಯಸ್ಸಿನ, ನನಗಿಂತ ಹಿರಿಯ ನಾಲ್ಕು ಹೆಂಗಸರು ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದರು. ಅದೇ ದೇಶದ ದಕ್ಷಿಣದಲ್ಲಿ ಅಲ್ಗಾರ್ ಎಂಬ ಪುಟ್ಟ ಊರಿದೆ. ಬೇಸಿಗೆಯ ಸಂಜೆ ಅಲ್ಲಿಯವರು ಕುರ್ಚಿಗಳನ್ನು ಬೀದಿಗೆ ತಂದು ಹಾಕಿಕೊಂಡು ಹರಟುತ್ತಾರೆ. ಆ ಹರಟೆಗೆ ಯುನೆಸ್ಕೋದ ಪರಂಪರೆಯ ಮಾನ್ಯತೆ ಬೇಕೆಂದು 2021ರಲ್ಲಿ ಆ ಊರಿನ ಮೇಯರ್ ಬೇಡಿಕೆಯಿಟ್ಟ. ನಮ್ಮಲ್ಲಿ ಹೆಂಗಸರ ಹರಟೆಗೆ ಸಿಗುವ ಹೆಸರು ಚಾಡಿ.

ಅವರ ದೇಶ ಬೇರೆ, ಅವರ ಸಂಸ್ಕೃತಿ ಬೇರೆ ಎನ್ನಬೇಡಿ. 1975ರ ತನಕ ಸ್ಪೇನಿನಲ್ಲಿ ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ನೌಕರಿಗೆ ಸೇರುವಂತಿರಲಿಲ್ಲ, ಬ್ಯಾಂಕಿನಲ್ಲಿ ಖಾತೆ ತೆರೆಯುವಂತಿರಲಿಲ್ಲ. ಆ ಬೆಂಚಿನ ಮೇಲೆ ಕೂತ ಅಜ್ಜಿಯರು ಅದನ್ನೆಲ್ಲ ಕಂಡವರೇ ಇರಬೇಕು.

ಇನ್ನು ಸಂಸ್ಕೃತಿಯ ಮಾತೇ ಬೇಕೆಂದರೆ ನಮ್ಮಲ್ಲೇ ಇದೆ. ನಾಗರಪಂಚಮಿ! ತವರಿಗೆ ಬಂದ ಹೆಣ್ಣುಮಕ್ಕಳು ಬೇವಿನ ಗಿಡಕ್ಕೋ ಆಲದ ಗಿಡಕ್ಕೋ ಹಗ್ಗ ಕಟ್ಟಿ, ಊರೆಲ್ಲ ನೋಡುವಂತೆ ಕೇಕೆ ಹಾಕುತ್ತ ಜೋಕಾಲಿ ಜೀಕಿದವರು. ಆ ದಿನ ಗಿಡ ನಮ್ಮದು. ಬೇಡವೆನ್ನುವ ಧೈರ್ಯ ಯಾವ ಹಿರಿಯರಿಗೂ ಇರಲಿಲ್ಲ, ಹಗ್ಗ ಕಟ್ಟಿಕೊಡುತ್ತಿದ್ದವರೂ ಅವರೇ. ವರುಷದಲ್ಲಿ ಒಂದೆರಡು ದಿನ ಮರ್ಯಾದೆ ಹೋಗದಿದ್ದರೆ ಉಳಿದ ದಿನ ಹೇಗೆ ಹೋಗುತ್ತದೆ? ಈಗಂತೂ ಜೋಕಾಲಿ ಮನೆಯೊಳಗಿನ ತೊಲೆಗೆ ಬಂದಿದೆ. ಹಗ್ಗ ಕಟ್ಟುವಂಥ ಗಿಡಗಳೇ ಉಳಿದಿಲ್ಲ.

ಗಿಡ ಉಳಿಯದಿರುವುದಕ್ಕೂ ನಾವು ಕೂಡದಿರುವುದಕ್ಕೂ ನಂಟಿದೆ ಎಂದೇ ನನಗೆ ಅನಿಸುತ್ತದೆ. ರಸ್ತೆ ಅಗಲ ಮಾಡಲು ಗರಗಸ ಬಂದಾಗ ಕಟ್ಟೆಯ ಗಂಡಸರು ಒಂದಿಷ್ಟು ಕೂಗಾಡಿ, ನಂತರ ಚಹಾದ ಅಂಗಡಿಯ ಬೆಂಚಿಗೆ ವಲಸೆ ಹೋಗುತ್ತಾರೆ. ಅವರಿಗೆ ಬೇರೆ ನೆರಳಿದೆ. ನಮಗೆ ಆ ಗಿಡದಲ್ಲಿ ಪಾಲೇ ಇರಲಿಲ್ಲ, ಹೋದರೆ ಪೂಜೆಗೆ ಟೊಂಗೆ ಮುರಿದು ತಂದು ಕುಂಡದಲ್ಲಿ ನೆಟ್ಟರಾಯಿತು. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಗಿಡ ಕಡಿಯಲು ಅಧಿಕಾರಿಯ ಅನುಮತಿ ಬೇಕು. ಅನುಮತಿ ಎಲ್ಲಿದೆ ತೋರಿಸಿ ಎಂದು ಕೇಳಲು ಅಲ್ಲೊಬ್ಬರು ಕೂತಿರಬೇಕಲ್ಲ? ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಗಂಡನ ಜೊತೆ ಕೊಡದಲ್ಲಿ ನೀರು ಹೊತ್ತು ಆಲದ ಸಾಲು ಬೆಳೆಸಿದ ತಿಮ್ಮಕ್ಕನಿಗೆ 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲೀಕರಣದಿಂದ ಆ ಗಿಡಗಳಿಗೇ ಕುತ್ತು ಬಂದಾಗ ಆ ಹಣ್ಣು ಮುದುಕಿಯೇ ಮುಖ್ಯಮಂತ್ರಿಗೆ ಮೊರೆಯಿಡಬೇಕಾಯಿತು. ನೆರಳಿನಲ್ಲಿ ದಿನಾ ಹಾದುಹೋದವರೆಲ್ಲ ಎಲ್ಲಿದ್ದರೋ.

ಕಡಿಯದೆ ಉಳಿದ ಗಿಡಗಳಿಗೆ ಇನ್ನೊಂದು ಗಂಡಾಂತರ, ಅಭಿವೃದ್ಧಿ. ಹಳೆಯ ಹಾಸುಗಲ್ಲು ಕಿತ್ತು, ಕಾಂಡದ ತನಕ ಸಿಮೆಂಟು ಮೆತ್ತಿ, ಮೇಲೆ ಜಾರುವ ಟೈಲ್ಸು, ಸುತ್ತ ಕಬ್ಬಿಣದ ಕಂಬಿ, ದಾನಿಗಳ ಹೆಸರಿನ ಕಲ್ಲು. ಬೇರಿಗೆ ಗಾಳಿ, ನೀರು ಹೋಗಲು ದಾರಿಯಿಲ್ಲ. ದೆಹಲಿಯ ಗಿಡಗಳ ಬುಡದಿಂದ ಒಂದು ಮೀಟರಿನಷ್ಟು ಕಾಂಕ್ರೀಟು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿದೆ. ಆ ಮಾತು ಗದಗ ಜಿಲ್ಲೆಯ ತನಕ ನಡೆದುಕೊಂಡು ಬರುತ್ತಿರಬೇಕು.

ಇದಕ್ಕೆ ಪರಿಹಾರವಾಗಿ ಮಹಿಳೆಯರಿಗೆ ಪ್ರತ್ಯೇಕ ಕಟ್ಟೆ, ಪ್ರತ್ಯೇಕ ಪಾರ್ಕು ಎಂದು ಯಾರಾದರೂ ಹೊರಟರೆ ದಯವಿಟ್ಟು ಒಪ್ಪಬೇಡಿ. ಊರ ಹಿಂದೆ, ತಿಪ್ಪೆಯ ಪಕ್ಕ, ಗುಲಾಬಿ ಬಣ್ಣದ ಗೋಡೆಯೊಳಗೆ ಎರಡು ಸಿಮೆಂಟು ಬೆಂಚು ಹಾಕಿ, ಉದ್ಘಾಟನೆಯ ಮರುದಿನ ಬೀಗ ಹಾಕುತ್ತಾರೆ. ನೂರು ವರುಷದ ಅರಳಿ ಗಿಡವನ್ನು ಪ್ರತ್ಯೇಕವಾಗಿ ಎಲ್ಲಿಂದ ತರುತ್ತಾರೆ? ಇರುವ ಕಟ್ಟೆಯೇ ಬೇಕು.

ಕೂಡಲು ಹೋಗುವವರಿಗೆ ಅನುಭವದ ಎರಡು ಮಾತು. ಒಬ್ಬರೇ ಹೋಗಬೇಡಿ, ಮೂವರಾದರೂ ಇರಿ. ಜೊತೆಗೆ ಕೆಲಸ ಒಯ್ಯಬೇಡಿ. ಸೊಪ್ಪು ಬಿಡಿಸುತ್ತಲೋ ಹೂ ಕಟ್ಟುತ್ತಲೋ ಕೂತರೆ ಮತ್ತೆ ಪರವಾನಗಿ ತೋರಿಸಿದಂತಾಗುತ್ತದೆ. ಯಾರಾದರೂ ಚಹಾಕ್ಕೆ ಮನೆಗೆ ಕರೆದರೆ, ಇಲ್ಲಿಗೇ ಕಳಿಸಿರಿ, ನಿಮ್ಮ ಮನೆಯವರನ್ನೂ ಕಳಿಸಿರಿ ಎನ್ನಿ. ಈಚೆಗೆ ನಾವು ಕೆಲವರು ಹೀಗೆ ಕೂಡುತ್ತಿದ್ದೇವೆ, ಆಕಾಶವೇನೂ ಕಳಚಿ ಬಿದ್ದಿಲ್ಲ. ಮೊದಮೊದಲು ಹುಡುಗರು ಎದ್ದುಹೋಗುತ್ತಿದ್ದರು, ಈಗ ಸರಿದು ಜಾಗ ಕೊಡುತ್ತಾರೆ.

ನಿಜವಾದ ತೊಂದರೆ ಬೇರೆ ಇದೆ. ಹಳೆಯ ಕಟ್ಟೆಗಳೆಲ್ಲ ಸೊಂಟದೆತ್ತರ. ಧೋತರ ಎತ್ತಿಕಟ್ಟಿದ ಗಂಡಸು ಅಂಗೈ ಊರಿ ಹಾರಿ ಕೂಡಲೆಂದು ಕಟ್ಟಿದ್ದು. ಸೀರೆ ಉಟ್ಟ, ಮೊಣಕಾಲು ನೋಯುವ ಐವತ್ತು ದಾಟಿದವಳು ಅದನ್ನು ಹತ್ತುವುದು ಹೇಗೆ? ನಾವು ಸದ್ಯಕ್ಕೆ ಒಬ್ಬರ ಕೈ ಒಬ್ಬರು ಹಿಡಿದು ಹತ್ತುತ್ತೇವೆ. ಪಂಚಾಯಿತಿಗಳಲ್ಲಿ ಸದಸ್ಯೆಯರಾಗಿರುವ ಅಕ್ಕ-ತಂಗಿಯರೇ, ಮುಂದಿನ ಗ್ರಾಮಸಭೆಯಲ್ಲಿ ಟೈಲ್ಸು ಬೇಡ, ಕಂಬಿ ಬೇಡ, ಕಟ್ಟೆಗೆ ಎರಡು ಮೆಟ್ಟಿಲು ಬೇಕೆಂದು ಬರೆಸಿ. ಮೆಟ್ಟಿಲು ಅಗಲವಾಗಿರಲಿ, ಮೇಲಿನದು ಏಳು ಇಂಚಿಗಿಂತ ಎತ್ತರ ಬೇಡ, ಬಲಗಡೆಗೆ ಹಿಡಿಯಲು ಒಂದು ಕಲ್ಲು ನೆಡಿಸಿರಿ.